ಸಹಾಯ ಬೇಕು: ಕತ್ತಿ ಹಿಡಿಯ ಬೆಸುಗೆ ನಿಲ್ಲುತ್ತಿಲ್ಲ
ನಮಸ್ಕಾರ, ನಾನು ಮಧುಗಿರಿ ಕಡೆಯವನು. ತುಮಕೂರಿನಲ್ಲಿ ಆಡುವ ನಾಟಕಕ್ಕೆ 16ನೇ ಶತಮಾನದ ಯುರೋಪಿನ ರೇಪಿಯರ್ (ಉದ್ದನೆಯ ತೆಳು ಅಲಗಿನ) ಕತ್ತಿ ಬೇಕಂತೆ. ಮೊಂಡು ಅಲಗು ಸಿದ್ಧ ಇದೆ. ತಲೆನೋವು ಹಿಡಿಯದ್ದೇ.

ಮಚ್ಚಿಗೆ ಹಿಡಿ ಹಾಕಿದಷ್ಟು ಸುಲಭ ಅಲ್ಲ ಇದು! ಬೆರಳು ಕಾಯಲು ಪಕ್ಕದ ಬಳೆಗಳು, ಗೆಣ್ಣಿನ ಮುಂದೆ ಬಾಗಿದ ಕಂಬಿ, ಎಲ್ಲವೂ ಒಂದಕ್ಕೊಂದು ಸೇರಬೇಕು. ಮೊದಲು ತಂತಿ ಬಗ್ಗಿಸಿ ಮಾದರಿ ಮಾಡಿದೆ. ಅದು ಚೆನ್ನಾಗೇ ಬಂತು. ಈಗ 8 ಮಿ.ಮೀ. ಮೈಲ್ಡ್ ಸ್ಟೀಲ್ ಸರಳು ಕಾಯಿಸಿ ಬಡಿಯುತ್ತಿದ್ದೇನೆ. ಮೂರು ಸರಳು ಕೂಡುವ ಕಡೆ ಬಿಳಿಗಾರ (ಬೋರಾಕ್ಸ್) ಹಾಕಿ ಬೆಸೆದರೂ, ಬಗ್ಗಿಸುವಾಗ ಬಿಟ್ಟುಕೊಳ್ಳುತ್ತದೆ. ಕಾವು ಸಾಲದೋ, ಕಿಟ್ಟ ಉಳಿಯುತ್ತದೋ?

ಮೊದಲು ಬಗ್ಗಿಸಿ ಆಮೇಲೆ ಹಿತ್ತಾಳೆ ಬೆಸುಗೆ ಹಾಕಿದರೆ ಪೆಟ್ಟು ತಡೆಯುತ್ತದಾ? ಆರ್ಕ್ ವೆಲ್ಡಿಂಗ್ ಮಾತ್ರ ಬೇಡ, ಅಷ್ಟು ಹಟ ಇದೆ. ಶಿರಾ, ಕೊರಟಗೆರೆ ಕಡೆ ಕುಲುಮೆ ಕೆಲಸದ ಹಿರಿಯರು ಯಾರಾದರೂ ಇದ್ದರೆ ತಿಳಿಸಿ, ನಾನೇ ಬರುತ್ತೇನೆ.