14 ಸಾವಿರ ಫಾಲೋವರ್ಸ್, ವಾರಕ್ಕೆ 8 ಆರ್ಡರ್

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ಇವತ್ತು ಸಂಜೆ 6ರಿಂದ 8ರವರೆಗೆ ಅಂಗಡಿಯ ಆನ್‌ಲೈನ್ ಪ್ರಚಾರದ ಬಗ್ಗೆ ಏನು ಬೇಕಾದರೂ ಕೇಳಿ. ಹುಬ್ಬಳ್ಳಿಯಲ್ಲಿ ಇದೇ ಕೆಲಸ ಮಾಡುವ ಮೇಡಂ ಉತ್ತರ ಕೊಡುತ್ತಾರೆ. ಗುಡ್ ಈವ್ನಿಂಗ್ ಫೋಟೊ ಬೇಡ, ದಯವಿಟ್ಟು.

ಬೇಕರಿ, ಕೇಶ್ವಾಪುರ: ಮೇಡಂ, ಪೋಸ್ಟ್ ಯಾವ ಟೈಮಿಗೆ ಹಾಕಬೇಕು?

ಮೇಡಂ: ಇನ್‌ಸ್ಟಾಗ್ರಾಂನಲ್ಲಿ ಪ್ರೊಫೆಷನಲ್ ಅಕೌಂಟ್ ಮಾಡಿಕೊಳ್ಳಿ, ಫ್ರೀ. ನಿಮ್ಮ ಗಿರಾಕಿಗಳು ಯಾವ ಹೊತ್ತಿಗೆ ಫೋನ್ ಹಿಡಿದಿರುತ್ತಾರೆ ಅಂತ ‘ಇನ್‌ಸೈಟ್ಸ್’ನಲ್ಲಿ ಕಾಣುತ್ತದೆ. ನಿಮ್ಮದು ಬೇಕರಿ, ಅಷ್ಟೆಲ್ಲ ಲೆಕ್ಕವೂ ಬೇಡ. ಪಫ್ಸ್ ಟ್ರೇ ಓವನ್‌ನಿಂದ ಹೊರಗೆ ಬರುವಾಗ ಒಂದು ವಿಡಿಯೊ ತೆಗೆದು ಚಹಾ ಹೊತ್ತಿಗೆ ಮುಂಚೆ ಹಾಕಿ. ರಾತ್ರಿ 11ಕ್ಕೆ ಹಾಕಿದರೆ ನೋಡಿದವನಿಗೆ ಹಸಿವಾಗುತ್ತದೆ, ಆದರೆ ನಿಮ್ಮ ಶಟರ್ ಇಳಿದಿರುತ್ತದೆ.

ಮೊಬೈಲ್ ಕವರ್, ಕೊಪ್ಪಿಕರ್ ರಸ್ತೆ: *ಫಾರ್ವರ್ಡ್* ಬೆಳಗಿನ 5.55ಕ್ಕೆ ಪೋಸ್ಟ್ ಹಾಕಿ, ಈ 30 ಹ್ಯಾಶ್‌ಟ್ಯಾಗ್ ಸೇರಿಸಿ, 3 ದಿನದಲ್ಲಿ ವೈರಲ್!! ಇದನ್ನು 10 ಗುಂಪಿಗೆ ಕಳಿಸಿದರೆ ಬ್ಲೂ ಟಿಕ್ ಫ್ರೀ.

ಮೇಡಂ: 5.55ಕ್ಕೆ ಎಚ್ಚರ ಆದರೆ ಉಣಕಲ್ ಕೆರೆ ಕಡೆ ವಾಕಿಂಗ್ ಹೋಗಿ. ಬ್ಲೂ ಟಿಕ್ ಅನ್ನು ಮೆಟಾ ಕಂಪನಿ ತಿಂಗಳ ದುಡ್ಡಿಗೆ ಮಾರುತ್ತದೆ, ಗುಂಪಿಗೆ ಕಳಿಸಿದವರಿಗೆ ಹಂಚುವುದಿಲ್ಲ.

ಫ್ಲೆಕ್ಸ್ ಪ್ರಿಂಟಿಂಗ್, ರಾಣೆಬೆನ್ನೂರು: ಮೇಡಂ, ನಮ್ಮಂಥವರಿಗೆ ಯೂಟ್ಯೂಬ್ ಚಾನೆಲ್ ಉಪಯೋಗ ಆಗುತ್ತದಾ?

ರೊಟ್ಟಿ-ಚಟ್ನಿ, ಬೆಟಗೇರಿ: ನಮಸ್ಕಾರ ಮೇಡಂ. ನಾವು ನಾಲ್ಕು ಹೆಣ್ಣುಮಕ್ಕಳು ಸೇರಿ ಕಡಕ್ ರೊಟ್ಟಿ, ಶೇಂಗಾ ಹೋಳಿಗೆ, ಗುರೆಳ್ಳು ಚಟ್ನಿ ಮಾಡಿ ಕೊರಿಯರ್ ಮಾಡುತ್ತೇವೆ. ವಾರಕ್ಕೆ 30 ಆರ್ಡರ್ ಇರುತ್ತಿತ್ತು. ದೀಪಾವಳಿ ಆದಮೇಲೆ ಒಬ್ಬ ಹುಡುಗನಿಗೆ ತಿಂಗಳಿಗೆ 6,000 ಕೊಟ್ಟು ಇನ್‌ಸ್ಟಾಗ್ರಾಂ ಒಪ್ಪಿಸಿದೆವು. ಫಾಲೋವರ್ಸ್ 1,100 ಇದ್ದದ್ದು 14,000 ಆಯಿತು. ಆರ್ಡರ್ 8ಕ್ಕೆ ಬಂತು. ಈಗ ಬೂಸ್ಟಿಗೆ, ಅಂದರೆ ದುಡ್ಡು ಕೊಟ್ಟು ಪೋಸ್ಟನ್ನು ಹೆಚ್ಚು ಮಂದಿಗೆ ತೋರಿಸಲಿಕ್ಕೆ, ಇನ್ನೂ 10,000 ಹಾಕಿ ಅನ್ನುತ್ತಾನೆ. ಹಾಕೋಣವಾ?

ಮೇಡಂ: ಒಂದು ರೂಪಾಯಿ ಹಾಕಬೇಡಿ ಅಕ್ಕಾ. ಮೊದಲು ಇಷ್ಟು ಹೇಳಿ. ಆ 14 ಸಾವಿರದಲ್ಲಿ ಒಂದಿಪ್ಪತ್ತು ಮಂದಿಯನ್ನು ತೆರೆದು ನೋಡಿ, ಯಾರವರು? ಪಾಸ್‌ವರ್ಡ್ ಯಾರ ಕೈಯಲ್ಲಿದೆ? ಆ 30 ಆರ್ಡರ್ ಎಲ್ಲಿಂದ ಬರುತ್ತಿದ್ದವು?

ಮಸಾಲೆ ಪುಡಿ, ಹಳೇ ಹುಬ್ಬಳ್ಳಿ: ಮೇಡಂ, ‘ಅಪ್ಪಟ ಬ್ಯಾಡಗಿ ಖಾರಪುಡಿ, ಬಾಯಿಗಿಟ್ಟರೆ ಬೆಂಕಿ’ ಅಂತ ರೀಲ್ ಹಾಕಿದೆ. ಬರೀ 40 ಲೈಕ್. ಬೂಸ್ಟ್ ಮಾಡಲಾ?

ಮೆಣಸಿನಕಾಯಿ ದಲಾಲಿ, ಬ್ಯಾಡಗಿ: ಬೆಂಕಿನಾ? ತಮ್ಮಾ, ಬ್ಯಾಡಗಿ ಕಾಯಿ ಬಣ್ಣಕ್ಕೆ ಹೆಸರು, ಖಾರಕ್ಕಲ್ಲ. ಬಾಯಿ ಸುಡುತ್ತಿದೆ ಅಂದರೆ ನಿನ್ನ ಚೀಲ ಗುಂಟೂರಿನದು.

ಮಸಾಲೆ ಪುಡಿ, ಹಳೇ ಹುಬ್ಬಳ್ಳಿ: ಕಾಕಾ, ನಾನು ನಿಮ್ಮ ಮಾರುಕಟ್ಟೆಯಿಂದಲೇ ತರುವುದು.

ಮೆಣಸಿನಕಾಯಿ ದಲಾಲಿ, ಬ್ಯಾಡಗಿ: ನಮ್ಮ ಮಾರುಕಟ್ಟೆಗೆ ಆಂಧ್ರದ ಲಾರಿಯೂ ಬರುತ್ತದೆ. ಬ್ಯಾಡಗಿ ಕಾಯಿಯಲ್ಲಿ ಎರಡು ಜಾತಿ, ನೀನು ತಂದದ್ದು ಡಬ್ಬಿಯೋ ಕಡ್ಡಿಯೋ, ಅದನ್ನು ಹೇಳು.

ಬೇಕರಿ, ಕೇಶ್ವಾಪುರ: 😂😂

ಮೇಡಂ: ಕಾಕಾ ಹೇಳಿದ್ದು ಸರಿ. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಜಿಐ, ಅಂದರೆ ಊರಿನ ಹೆಸರಿಗೆ ಕಾನೂನಿನ ರಕ್ಷಣೆ ಕೊಡುವ ಗುರುತು, ಸಿಕ್ಕಿದೆ. ಬೇರೆ ಕಾಯಿ ಬೆರೆಸಿ ಆ ಹೆಸರು ಬರೆದರೆ ಕಾನೂನಿಗೂ ಸಿಕ್ಕಿಬೀಳುತ್ತೀರಿ. ತಪ್ಪು ಮಾತನ್ನು ದುಡ್ಡು ಕೊಟ್ಟು ಇನ್ನಷ್ಟು ಮಂದಿಗೆ ತೋರಿಸುವುದು ಯಾಕೆ? ನಿಜವಾಗಿ ಬ್ಯಾಡಗಿಯೇ ಆಗಿದ್ದರೆ ಬೆಚ್ಚಗಿನ ಎಣ್ಣೆಗೆ ಒಂದು ಚಮಚ ಪುಡಿ ಹಾಕಿ, ಎಣ್ಣೆ ಕೆಂಪಾಗುವುದನ್ನು ವಿಡಿಯೊ ಮಾಡಿ. ಮಾತೇ ಬೇಡ.

ಹೋಟೆಲ್, ಹಾವೇರಿ: ಪೋಸ್ಟ್ ಹಾಕಲು ಯಾವ ಟೈಮ್ ಒಳ್ಳೆಯದು ಮೇಡಂ?

ಮೇಡಂ: ಮೇಲೆ ಹೇಳಿದ್ದೇನೆ.

ಕಸೂತಿ ಸೀರೆ, ಧಾರವಾಡ: ಬೆಲೆ ಬರೆಯಬೇಕಾ, ಇನ್‌ಬಾಕ್ಸಿಗೆ ಬನ್ನಿ ಅಂದರೆ ಸಾಕಾ?

ಮೇಡಂ: ಬರೆಯಿರಿ.

ಬಟ್ಟೆ ಅಂಗಡಿ, ಲೈನ್ ಬಜಾರ್: ಬರೆದರೆ ಪಕ್ಕದ ಅಂಗಡಿಯವ 50 ರೂಪಾಯಿ ಕಡಿಮೆ ಬರೆಯುತ್ತಾನೆ. ಅನುಭವದ ಮಾತು.

ಕಸೂತಿ ಸೀರೆ, ಧಾರವಾಡ: ಕೈಕಸೂತಿಗೂ ಮಷಿನ್ ಎಂಬ್ರಾಯ್ಡರಿಗೂ 50 ರೂಪಾಯಿ ಫರಕಲ್ಲ ಅಣ್ಣಾರೆ.

ಬಟ್ಟೆ ಅಂಗಡಿ, ಲೈನ್ ಬಜಾರ್: ಗಿರಾಕಿಗೆ ಗೊತ್ತಿರಬೇಕಲ್ಲ!

ಮೇಡಂ: ಗೊತ್ತಾಗುವ ಹಾಗೆ ಸೀರೆಯ ಹಿಂಬದಿ ತೋರಿಸಿ. ಗಂಟಿಲ್ಲದೆ ಎರಡೂ ಕಡೆ ಒಂದೇ ಥರ ಕಾಣುವ ಗವಂತಿ ಹೊಲಿಗೆಗಿಂತ ದೊಡ್ಡ ಜಾಹೀರಾತು ಬೇಕಾ?

ರೊಟ್ಟಿ-ಚಟ್ನಿ, ಬೆಟಗೇರಿ: ನೋಡಿದೆ ಮೇಡಂ. ಅರ್ಧಕ್ಕರ್ಧ ಮಂದಿಗೆ ಫೋಟೊ ಇಲ್ಲ, ಹೆಸರು ಓದಲಿಕ್ಕೂ ಬರುವುದಿಲ್ಲ. ಪಾಸ್‌ವರ್ಡ್ ಇಬ್ಬರಿಗೂ ಗೊತ್ತು, ಇಮೇಲ್ ಮಾತ್ರ ಅವನದು. ಆರ್ಡರ್ ಎಲ್ಲ ಪುಣೆ, ಬೆಂಗಳೂರಿನಲ್ಲಿರುವ ನಮ್ಮ ಕಡೆಯವರಿಂದ, ವಾಟ್ಸಾಪಿಗೆ. ಸ್ಟೇಟಸ್ ಹಾಕಿದರೆ ಸಾಕು, ‘ಅಕ್ಕಾ ನಮಗೂ 50 ರೊಟ್ಟಿ’ ಅನ್ನುತ್ತಿದ್ದರು. ಈಗ ಸ್ಟೇಟಸ್ಸನ್ನೂ ಯಾರೂ ನೋಡುವುದಿಲ್ಲ.

ಮೇಡಂ: ಸ್ಟೇಟಸ್ ಯಾವ ನಂಬರಿನಿಂದ? ಹಳೆಯದೇನಾ?

ರೊಟ್ಟಿ-ಚಟ್ನಿ, ಬೆಟಗೇರಿ: ಇಲ್ಲ. ಬಿಸಿನೆಸ್ಸಿಗೆ ಬೇರೆ ನಂಬರ್ ಇರಬೇಕು ಅಂತ ಹುಡುಗ ಹೊಸ ಸಿಮ್ ಕೊಡಿಸಿದ. ಹಳೆಯದು ಈಗ ಮನೆಮಂದಿಗೆ ಮಾತ್ರ.

ಮೇಡಂ: ಅಲ್ಲೇ ಇದೆ ನಿಮ್ಮ 22 ಆರ್ಡರ್. ಸ್ಟೇಟಸ್ ಕಾಣಬೇಕಾದರೆ ಅವರ ನಂಬರ್ ನಿಮ್ಮ ಫೋನಿನಲ್ಲಿದ್ದರೆ ಸಾಲದು, ನಿಮ್ಮ ನಂಬರನ್ನೂ ಅವರು ಸೇವ್ ಮಾಡಿಕೊಂಡಿರಬೇಕು. ಪುಣೆಯವರ ಫೋನಿನಲ್ಲಿ ‘ರೊಟ್ಟಿ ಅಕ್ಕ’ ಅಂತ ಇರುವುದು ಹಳೇ ನಂಬರ್. ನೀವು ಅಂಗಡಿ ಬೇರೆ ಓಣಿಗೆ ಎತ್ತಿಕೊಂಡು ಹೋಗಿದ್ದೀರಿ, ಹಳೇ ಬಾಗಿಲಿಗೆ ಚೀಟಿಯನ್ನೂ ಅಂಟಿಸಿಲ್ಲ. ಇವತ್ತೇ ಹಳೇ ನಂಬರಿನಿಂದ ರೊಟ್ಟಿ ತಟ್ಟುವ ಒಂದು ಫೋಟೊ, ಬೆಲೆ, ಕೊರಿಯರ್ ಹೋಗುವ ದಿನ ಸ್ಟೇಟಸ್ಸಿಗೆ ಹಾಕಿ. ವಾಟ್ಸಾಪ್ ಬಿಸಿನೆಸ್ ಆ್ಯಪ್ ಬೇಕಾದರೆ ಬ್ಯಾಕಪ್ ತೆಗೆದು ಹಳೇ ನಂಬರನ್ನೇ ಅದಕ್ಕೆ ಕೊಡಬಹುದು. ಅದು ಆಮೇಲಿನ ಮಾತು.

ನನಗೆ ಹೆಚ್ಚು ಚಿಂತೆ ಇಮೇಲಿನದು. ಇಮೇಲ್ ಯಾರದೋ ಅಕೌಂಟ್ ಅವರದು. ಹುಡುಗನ ಜೊತೆ ಈಗಲೇ ಜಗಳ ತೆಗೆಯಬೇಡಿ. ನಿಮ್ಮ ಫೋನಿನಲ್ಲಿ ಲಾಗಿನ್ ಇರುವಾಗಲೇ ಮೊದಲು ಇಮೇಲ್ ಮತ್ತು ಫೋನ್ ನಂಬರ್ ನಿಮ್ಮದಕ್ಕೆ ಬದಲಾಯಿಸಿ. ಆಮೇಲೆ ಪಾಸ್‌ವರ್ಡ್. ಆಮೇಲೆ ಬೇರೆ ಎಲ್ಲ ಫೋನಿನಿಂದ ಲಾಗ್ಔಟ್. ಕೊನೆಗೆ ಎರಡು ಹಂತದ ಬೀಗ, ಅಂದರೆ ಪಾಸ್‌ವರ್ಡ್ ಜೊತೆ ಒಂದು ಕೋಡನ್ನೂ ಕೇಳುವ ಟು ಫ್ಯಾಕ್ಟರ್. ಇದನ್ನೆಲ್ಲ ಒಂದೇ ಕೂತಲ್ಲಿ ಮುಗಿಸಿ, ಯಾಕೆಂದರೆ ಇಮೇಲ್ ಬದಲಾದ ಸುದ್ದಿ ಅವನ ಇಮೇಲಿಗೆ ಹೋಗುತ್ತದೆ. ಜಾಹೀರಾತಿಗೆ ಅಂತ ನಿಮ್ಮ ಕಾರ್ಡ್ ಕೊಟ್ಟಿದ್ದರೆ ಅದನ್ನೂ ತೆಗೆಯಿರಿ. ದುಡ್ಡು ಕಡಿತ ಆಗಿರುವುದು ಕಂಡರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

14 ಸಾವಿರದ ಬಗ್ಗೆ ಅಳಬೇಡಿ. ಕೊಂಡ ಫಾಲೋವರ್ಸ್ ಅವರು, ರೊಟ್ಟಿ ತಿನ್ನುವವರಲ್ಲ. ಅವರು ವಿಡಿಯೊ ನೋಡುವುದಿಲ್ಲ. ‘ಈ ಅಂಗಡಿಯ ಪೋಸ್ಟ್ ಯಾರಿಗೂ ಬೇಡ’ ಅಂದುಕೊಂಡು ಇನ್‌ಸ್ಟಾಗ್ರಾಂ ಅದನ್ನು ಮುಂದಕ್ಕೆ ತಳ್ಳುವುದಿಲ್ಲ. ಬಿಡುವಾದಾಗ ದಿನಕ್ಕೆ ಒಂದಷ್ಟು ತೆಗೆಯುತ್ತಾ ಹೋಗಿ.

ಮೊಬೈಲ್ ಕವರ್, ಕೊಪ್ಪಿಕರ್ ರಸ್ತೆ: *ಫಾರ್ವರ್ಡ್* ಒಂದೇ ಕ್ಲಿಕ್ಕಿಗೆ 5,000 ಮಂದಿಗೆ ವಾಟ್ಸಾಪ್! ಎಪಿಕೆ ಫೈಲ್ ಕೆಳಗಿದೆ.

ಮೇಡಂ: ಅಡ್ಮಿನ್, ಇದನ್ನು ಈಗಲೇ ಅಳಿಸಿ. ಯಾರೂ ಮುಟ್ಟಬೇಡಿ. ಎಪಿಕೆ ಅಂದರೆ ಪ್ಲೇ ಸ್ಟೋರ್ ಬಿಟ್ಟು ನೇರವಾಗಿ ಫೋನಿಗೆ ಹಾಕಿಕೊಳ್ಳುವ ಆ್ಯಪ್ ಫೈಲ್. ಎಲ್ಲಿಂದಲೋ ಬಂದದ್ದನ್ನು ಹಾಕಿಕೊಂಡರೆ ನಿಮ್ಮ ಓಟಿಪಿ, ಬ್ಯಾಂಕಿನ ಮೆಸೇಜು ಅವರ ಕೈಗೆ ಹೋಗಬಹುದು. ಹೋಗದಿದ್ದರೂ, ಗುರುತಿಲ್ಲದ 5,000 ಮಂದಿಗೆ ಕಳಿಸಿದರೆ ವಾಟ್ಸಾಪ್ ನಂಬರನ್ನೇ ಬಂದ್ ಮಾಡುತ್ತದೆ. ವ್ಯಾಪಾರದ ನಂಬರ್ ಅದು, ಆಟದ ಸಾಮಾನಲ್ಲ.

ಮೊಬೈಲ್ ಕವರ್, ಕೊಪ್ಪಿಕರ್ ರಸ್ತೆ: ನಾನು ಸುಮ್ನೆ ಎಲ್ಲರಿಗೂ ಉಪಯೋಗ ಆಗಲಿ ಅಂತ ಹಾಕಿದ್ದು. ಅಷ್ಟು ಸಿಟ್ಟು ಯಾಕೆ?

ಮೆಣಸಿನಕಾಯಿ ದಲಾಲಿ, ಬ್ಯಾಡಗಿ: ಹಳೇ ಹುಬ್ಬಳ್ಳಿಯವರು ಇನ್ನೂ ಡಬ್ಬಿಯೋ ಕಡ್ಡಿಯೋ ಹೇಳಿಲ್ಲ.

ಮಸಾಲೆ ಪುಡಿ, ಹಳೇ ಹುಬ್ಬಳ್ಳಿ: ನಿಮಗೆ ಯಾಕೆ ಹೇಳಬೇಕು? ನೀವೇನು ಇನ್‌ಸ್ಪೆಕ್ಟರಾ?

ಬಟ್ಟೆ ಅಂಗಡಿ, ಲೈನ್ ಬಜಾರ್: ಹುಬ್ಬಳ್ಳಿಯವರದು ಯಾವಾಗಲೂ ಇದೇ.

ಬೇಕರಿ, ಕೇಶ್ವಾಪುರ: ಹುಬ್ಬಳ್ಳಿ ಯಾಕೆ ಬಂತು ಇಲ್ಲಿ? ನಿಮ್ಮ ಧಾರವಾಡ ಪೇಢಾ ತಿಂದು ಸುಮ್ಮನಿರಿ.

ಹೋಟೆಲ್, ಹಾವೇರಿ: ಟೈಮ್ ಹೇಳಲೇ ಇಲ್ಲ ಮೇಡಂ.

ಮೇಡಂ: ಓದಲಿಕ್ಕೆ ಬೇಜಾರಾದರೆ ಬರೆದವಳು ಏನು ಮಾಡಲಿ?

ರೊಟ್ಟಿ-ಚಟ್ನಿ, ಬೆಟಗೇರಿ: ಮೇಡಂ, ಇಮೇಲ್, ಪಾಸ್‌ವರ್ಡ್ ಎರಡೂ ಬದಲಾಯಿತು. ಹುಡುಗ ಆಗಲೇ ಫೋನ್ ಮಾಡುತ್ತಿದ್ದಾನೆ. ಎತ್ತಲಾ?

ಮೇಡಂ: ಲಾಗ್ಔಟ್, ಎರಡು ಹಂತದ ಬೀಗ?

ರೊಟ್ಟಿ-ಚಟ್ನಿ, ಬೆಟಗೇರಿ: ಇನ್ನೂ ಇಲ್ಲ.

ಮೇಡಂ: ಹಾಗಾದರೆ ರಿಂಗ್ ಆಗಲಿ ಬಿಡಿ.

ಫ್ಲೆಕ್ಸ್ ಪ್ರಿಂಟಿಂಗ್, ರಾಣೆಬೆನ್ನೂರು: ಮೇಡಂ, ನನ್ನ ಯೂಟ್ಯೂಬ್ ಪ್ರಶ್ನೆ...

ಅಡ್ಮಿನ್: 8 ಗಂಟೆ ಆಯಿತು. ಪೇಢಾ, ಮೆಣಸಿನಕಾಯಿ ಎರಡೂ ಸಾಕು. ಗುಂಪನ್ನು ನಾಳೆಯವರೆಗೆ ಲಾಕ್ ಮಾಡಿದ್ದೇನೆ.