ಪದಚರ್ಚೆ: ವೇಸ್ಟ್‌ಗೇಟಿಗೆ ‘ತ್ಯಾಜ್ಯದ್ವಾರ’ ಅನ್ನಬಹುದೇ? (ತುರ್ತು)

ಕೇಳಿದವಳು:

ಎಲ್ಲರಿಗೂ ನಮಸ್ಕಾರ. ಟರ್ಬೋ (ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಯಂತ್ರ) ಇರುವ ಕಾರನ್ನು ಮನೆಯಲ್ಲೇ ನೋಡಿಕೊಳ್ಳುವವರಿಗೆ, ಚೂರುಪಾರು ಬದಲಾವಣೆ ಮಾಡಿಕೊಳ್ಳುವವರಿಗೆ ಒಂದು ಕೈಪಿಡಿ ಕನ್ನಡಕ್ಕೆ ತರುತ್ತಿದ್ದೇನೆ. ನಲವತ್ತು ಪುಟ. ಜೊತೆಗೆ ಬಾನೆಟ್ ಒಳಗೆ ಅಂಟಿಸಲು ಒಂದು ಸ್ಟಿಕ್ಕರ್. ನಾಳೆ ಬೆಳಿಗ್ಗೆ ಅಚ್ಚಿಗೆ ಹೋಗಬೇಕು. ಈ ಪದಗಳು ಮಾತ್ರ ಬಗ್ಗುತ್ತಿಲ್ಲ.

ವೇಸ್ಟ್‌ಗೇಟ್: ಸದ್ಯಕ್ಕೆ ‘ತ್ಯಾಜ್ಯದ್ವಾರ’ ಎಂದು ಹಾಕಿದ್ದೇನೆ. ಓದಿದಾಗಲೆಲ್ಲ ನನಗೇ ಮುಜುಗರ.
ಬ್ಲೋ ಆಫ್ ವಾಲ್ವ್: ‘ವಾಯು ವಿಸರ್ಜನಾ ಕವಾಟ’. ಇದೂ ಅದೇ ಕಥೆ.
ಲ್ಯಾಗ್: ‘ವಿಳಂಬ’.
ಕೋಕಿಂಗ್: ಏನೂ ಹೊಳೆದಿಲ್ಲ.

ಇದಕ್ಕೆ ಮೊದಲು ಯಾರೋ ಯಂತ್ರದಿಂದ ಮಾಡಿಸಿದ ಅನುವಾದ ನನ್ನ ಕೈಗೆ ಕೊಟ್ಟಿದ್ದರು. ಅದರಲ್ಲಿ “ಬೂಸ್ಟ್ ಏರಿಸುವ ಮೊದಲು ಎಂಜಿನ್ನಿನ ಭೂಪಟ ಬದಲಿಸಿ” ಎಂದಿತ್ತು. ಆ ‘ಮ್ಯಾಪ್’ ಅಂದರೆ ಇಷ್ಟು ಆರ್‌ಪಿಎಂಗೆ, ಇಷ್ಟು ಲೋಡಿಗೆ ಇಷ್ಟು ಪೆಟ್ರೋಲು ಎಂದು ಬರೆದಿಟ್ಟ ಪಟ್ಟಿ ಅಲ್ವಾ? ಅದನ್ನು ‘ಕೋಷ್ಟಕ’ ಮಾಡಿಕೊಂಡೆ. ಅದರ ಚರ್ಚೆ ಬೇಡ, ಉಳಿದದ್ದು ಹೇಳಿ.

ಹಳೇ ಓಲೆ:

ತ್ಯಾಜ್ಯದ್ವಾರ ಕೂಡಲೇ ತೆಗೆಯಿರಿ. ಅದು ಕೆಟ್ಟರೆ ಮೆಕ್ಯಾನಿಕ್ ಹತ್ತಿರ ಅಲ್ಲ, ಡಾಕ್ಟರ್ ಹತ್ತಿರ ಹೋಗಬೇಕು. ಕನ್ನಡದಲ್ಲಿ ‘ಕೋಡಿ’ ಇದೆ. ಹೆಚ್ಚಾದದ್ದು ತಾನಾಗಿ ಹೊರಗೆ ಹರಿಯುವ ಜಾಗ. ಎರಡೇ ಅಕ್ಷರ. ಮುಗಿಯಿತು.

ಪಾನಾ ಹಿಡಿದವ:

ಮುಗಿಯಲಿಲ್ಲ ಸಾರ್. ಕೋಡಿ ಚೆಂದದ ಪದ, ಆದರೆ ಇಲ್ಲಿ ಕೂರುವುದಿಲ್ಲ.

ಟರ್ಬೋದಲ್ಲಿ ಒಂದು ದಂಡ, ಎರಡು ತುದಿಗೆ ಎರಡು ಚಕ್ರ. ಎಂಜಿನ್ನಿನಿಂದ ಹೊರಗೆ ಬರುವ ಬಿಸಿ ಹೊಗೆ ಒಂದು ಚಕ್ರವನ್ನು ತಿರುಗಿಸುತ್ತದೆ. ಅದರ ಜೊತೆ ತಿರುಗುವ ಇನ್ನೊಂದು ಚಕ್ರ ಹೊರಗಿನ ಗಾಳಿಯನ್ನು ಒತ್ತಿ ಎಂಜಿನ್ನಿನೊಳಗೆ ತುಂಬುತ್ತದೆ. ಗಾಳಿಯ ಕಡೆ ಒತ್ತಡ ಗೊತ್ತುಮಾಡಿದ ಮಟ್ಟ ಮುಟ್ಟಿದರೆ ವೇಸ್ಟ್‌ಗೇಟ್ ತೆರೆದು, ಒಂದಷ್ಟು ಹೊಗೆಯನ್ನು ಚಕ್ರದ ಪಕ್ಕದಿಂದ ಆಚೆ ಬಿಡುತ್ತದೆ. ಚಕ್ರದ ವೇಗ ಹದ್ದು ಮೀರುವುದಿಲ್ಲ, ಬೂಸ್ಟೂ (ಒತ್ತಿ ತುಂಬಿದ ಗಾಳಿಯ ಒತ್ತಡ) ಮೀರುವುದಿಲ್ಲ.

ಕೆರೆ ತುಂಬಿ ಕೋಡಿ ಬಿದ್ದರೆ ಹರಿಯುವುದು ಅದೇ ಕೆರೆಯ ನೀರು. ಇಲ್ಲಿ ತುಂಬುವುದು ಒಂದು ಕೆರೆ, ಹರಿಯುವುದು ಪಕ್ಕದ ಕೆರೆ. ನಿಮ್ಮ ಕೋಡಿ ಬೇಕಾದರೆ ಬ್ಲೋ ಆಫ್ ವಾಲ್ವಿಗೆ ಹತ್ತಿರ. ಆಕ್ಸಿಲರೇಟರಿನಿಂದ ಕಾಲು ತೆಗೆದಾಗ ಎಂಜಿನ್ನಿಗೆ ಗಾಳಿ ಬಿಡುವ ಥ್ರಾಟಲ್ ಮುಚ್ಚಿಕೊಳ್ಳುತ್ತದೆ. ಟರ್ಬೋ ಒತ್ತಿ ತಂದ ಗಾಳಿಗೆ ಹೋಗಲು ದಾರಿ ಇರುವುದಿಲ್ಲ. ಆ ಗಾಳಿಯನ್ನೇ ಆ ವಾಲ್ವ್ ಹೊರಗೆ ಬಿಡುತ್ತದೆ.

ಇದು ಬರೀ ಪದದ ಜಗಳ ಅಲ್ಲ. ಒಂದರಲ್ಲಿ ಬರೀ ಗಾಳಿ. ಇನ್ನೊಂದರಲ್ಲಿ ಹಾಯುವ ಹೊಗೆ ಪೆಟ್ರೋಲ್ ಎಂಜಿನ್ನಿನಲ್ಲಿ 900 ಡಿಗ್ರಿ ಸೆಲ್ಸಿಯಸ್ ತನಕ ಹೋಗಬಹುದು. ಎರಡಕ್ಕೂ ‘ಹೊರಬಿಡುವ ಕವಾಟ’ ಎಂದು ಒಂದೇ ಥರ ಬರೆದರೆ, ಓದಿದವನು ಯಾವುದರ ಮೇಲೆ ಕೈ ಇಡುತ್ತಾನೋ ಗೊತ್ತಿಲ್ಲ.

ನನ್ನನ್ನು ಕೇಳಿದರೆ ‘ವೇಸ್ಟ್‌ಗೇಟ್’ ಅಂತಲೇ ಬರೆಯಿರಿ. ಬಿಡಿಭಾಗ ಹುಡುಕುವವನು ಅದನ್ನೇ ಹೇಳಿ ಹುಡುಕಬೇಕು.

ಬೇರು:

ನೀವಿಬ್ಬರೂ ‘ವೇಸ್ಟ್’ ಅಂದರೆ ಏನು ಅಂತ ನೋಡಲೇ ಇಲ್ಲ. ಇಂಗ್ಲಿಷಿನಲ್ಲಿ ಕಾರು ಬರುವ ಎಷ್ಟೋ ಮೊದಲೇ ಕಾಲುವೆ, ನೀರಿನ ಗಿರಣಿ, ಕೆರೆಕಟ್ಟೆಗಳ ಕೆಲಸದಲ್ಲಿ ಈ ಪದ ಇತ್ತು. ಹೆಚ್ಚಾದ ನೀರನ್ನು ಬಿಡುವ ಬಾಗಿಲು. ಅಲ್ಲಿ ವೇಸ್ಟ್ ಎಂದರೆ ಕಸ ಅಲ್ಲ, ಮಿಕ್ಕಿದ್ದು. ಅಂದಮೇಲೆ ‘ತ್ಯಾಜ್ಯ’ ಬುಡದಲ್ಲೇ ತಪ್ಪು. ನೀರಿನ ಪದಕ್ಕೆ ನೀರಿನ ಪದವನ್ನೇ ಕೊಡಿ: ತೂಬು. ಬೇಕಾದಾಗ ತೆಗೆಯುವುದು, ಬೇಕಾದಷ್ಟು ತೆಗೆಯುವುದು. ಪಾನಾ ಅವರು ಹೇಳಿದ ಕೆಲಸವೂ ಅದೇ.

ಇನ್ನು ‘ಟರ್ಬೋ’. ಲ್ಯಾಟಿನ್ನಿನಲ್ಲಿ ಟರ್ಬೋ ಎಂದರೆ ಸುಂಟರಗಾಳಿ, ಬುಗುರಿ ಎಂಬ ಅರ್ಥವೂ ಇದೆ. ಅದರಿಂದ 1822ರಲ್ಲಿ ಫ್ರಾನ್ಸಿನ ಕ್ಲೋಡ್ ಬುರ್ಡಿನ್ ‘ಟರ್ಬೈನ್’ ಎಂಬ ಪದ ಕಟ್ಟಿದ. ಹೊಗೆಯಿಂದ ಗಾಳಿ ಒತ್ತುವ ಈ ಉಪಾಯಕ್ಕೆ ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯುಖಿ 1905ರಲ್ಲಿ ಪೇಟೆಂಟ್ ಪಡೆದ. ಆಮೇಲೆ ‘ಟರ್ಬೋಸೂಪರ್‌ಚಾರ್ಜರ್’ ಎಂಬ ಉದ್ದ ಹೆಸರು ಬಂತು, ಅದು ಸವೆದು ‘ಟರ್ಬೋಚಾರ್ಜರ್’ ಆಯಿತು, ಇನ್ನೂ ಸವೆದು ‘ಟರ್ಬೋ’ ಆಯಿತು. ಕನ್ನಡದ ತಿರುಗು, ತಿರುಪು, ತಿರುವು ನೋಡಿ. ತ-ರ-ಪ, ಟ-ರ-ಬ. ಯೋಚಿಸಬೇಕಾದ ವಿಷಯ ಅಲ್ವಾ?

ಹಳೇ ಓಲೆ:

ಅಲ್ಲ.

ಕಿವಿಗೆ ಒಂದೇ ಥರ ಕೇಳಿದ್ದೆಲ್ಲ ನೆಂಟರಾದರೆ ಕಾರು ಕನ್ನಡದ್ದೇ. ಹೊಗೆ ಕಾರುತ್ತದೆ, ಅದಕ್ಕೇ ಕಾರು. ಆಯಿತಾ?

ತೂಬು ಒಪ್ಪುತ್ತೇನೆ. ಕೋಡಿ ವಾಪಸ್.

ಕೇಳಿದವಳು:

ಹಳೇ ಓಲೆ ಅವರು ಮಾತು ವಾಪಸ್ ತೆಗೆದುಕೊಂಡಿದ್ದನ್ನು ಇಷ್ಟು ವರ್ಷದಲ್ಲಿ ಮೊದಲ ಸಲ ನೋಡುತ್ತಿದ್ದೇನೆ. ತೂಬು ಬರೆದುಕೊಂಡೆ. ಮೊದಲ ಸಲ ‘ವೇಸ್ಟ್‌ಗೇಟ್, ಅಂದರೆ ಹೊಗೆಯ ತೂಬು’, ಆಮೇಲೆ ಬರೀ ವೇಸ್ಟ್‌ಗೇಟ್. ಬ್ಲೋ ಆಫ್? ಲ್ಯಾಗ್? ಕೋಕಿಂಗ್? ಗಂಟೆ ಒಂಬತ್ತಾಯಿತು.

ಪಾನಾ ಹಿಡಿದವ:

ಬ್ಲೋ ಆಫ್ ವಾಲ್ವಿಗೆ ನಾನು ‘ಬುಸ್ ವಾಲ್ವ್’ ಅನ್ನುತ್ತೇನೆ. ನಗಬೇಡಿ. ಮನೆಯಲ್ಲಿ ಕೂತು ಅದನ್ನು ಬದಲಿಸುವವರಲ್ಲಿ ಮುಕ್ಕಾಲು ಪಾಲು ಜನಕ್ಕೆ ಬೇಕಾದದ್ದೇ ಆ ಬುಸ್ ಸದ್ದು.

ಒಂದು ಎಚ್ಚರಿಕೆ ಮಾತ್ರ ಬಿಡಬೇಡಿ. ಕೆಲವು ಕಾರುಗಳಲ್ಲಿ ಒಳಗೆ ಬರುವ ಗಾಳಿಯನ್ನು ಬಾಗಿಲಲ್ಲೇ ಅಳೆಯುವ ಸೆನ್ಸರ್ ಇರುತ್ತದೆ. ಅಳೆದು ಒಳಗೆ ಬಿಟ್ಟ ಗಾಳಿಯನ್ನು ನೀವು ಹೊರಗೆ ಬುಸ್ಸೆಂದು ಬಿಟ್ಟರೆ ಕಂಪ್ಯೂಟರಿಗೆ ಗೊತ್ತಾಗುವುದಿಲ್ಲ. ಅದು ಹಳೇ ಲೆಕ್ಕಕ್ಕೇ ಪೆಟ್ರೋಲು ಸುರಿಯುತ್ತದೆ. ಒಂದು ಕ್ಷಣ ಪೆಟ್ರೋಲು ಜಾಸ್ತಿ, ಗಾಳಿ ಕಡಿಮೆ. ಅದಕ್ಕೇ ಅಂಥ ಕಾರುಗಳಲ್ಲಿ ಗಾಳಿಯನ್ನು ಹೊರಗೆ ಬಿಡದೆ ಟರ್ಬೋದ ಬಾಯಿಗೇ ವಾಪಸ್ ಕಳಿಸುತ್ತಾರೆ. ಎರಡನೇ ಥರದ್ದಕ್ಕೆ ‘ಗಾಳಿ ಮರಳಿಸುವ ವಾಲ್ವ್’ ಅನ್ನಿ.

ಲ್ಯಾಗ್‌ಗೆ ‘ತಡ’ ಸಾಕು. ‘ವಿಳಂಬ’ ಅಂದರೆ ರೈಲು ಕಾಯುತ್ತಿರುವ ಹಾಗಿದೆ. ಆದರೆ ನಿಮ್ಮ ಕೈಪಿಡಿಯಲ್ಲಿ ಎರಡು ಬೇರೆ ಸಂಗತಿ ಇರಬೇಕು, ನೋಡಿಕೊಳ್ಳಿ. ಎಂಜಿನ್ ತೀರಾ ನಿಧಾನ ತಿರುಗುತ್ತಿದ್ದರೆ ಹೊಗೆಗೆ ಚಕ್ರ ತಿರುಗಿಸುವಷ್ಟು ಶಕ್ತಿಯೇ ಇರುವುದಿಲ್ಲ. ಎಷ್ಟು ಹೊತ್ತು ಕಾದರೂ ಬೂಸ್ಟ್ ಬರುವುದಿಲ್ಲ. ಅದು ತಡ ಅಲ್ಲ, ಅದು ಇಲ್ಲ. ಆರ್‌ಪಿಎಂ ಸಾಕಷ್ಟು ಇದ್ದು, ಕಾಲು ಒತ್ತಿದ ಮೇಲೆ ಚಕ್ರ ವೇಗ ಹಿಡಿಯಲು ತೆಗೆದುಕೊಳ್ಳುವ ಹೊತ್ತು ಮಾತ್ರ ತಡ. ಜನ ಎರಡಕ್ಕೂ “ಪಿಕಪ್ ಇಲ್ಲ” ಅನ್ನುತ್ತಾರೆ. ಆದರೆ ಮದ್ದು ಬೇರೆ. ಒಂದಕ್ಕೆ ಗೇರ್ ಇಳಿಸಿದರೆ ಸಾಕು. ಇನ್ನೊಂದಕ್ಕೆ ಚಿಕ್ಕ ಟರ್ಬೋ ಬೇಕು, ಇಲ್ಲವೇ ತಾಳ್ಮೆ ಬೇಕು.

ಕೇಳಿದವಳು:

ಅಯ್ಯೋ, ಎರಡಕ್ಕೂ ವಿಳಂಬ ಅಂತ ಹಾಕಿದ್ದೆ. ಇಂಗ್ಲಿಷಿನಲ್ಲಿ ಮೊದಲನೆಯದು ‘ಬೂಸ್ಟ್ ತ್ರೆಶೋಲ್ಡ್’. ‘ಹೊಸ್ತಿಲು’ ಅನ್ನಲೇ?

ಹಳೇ ಓಲೆ:

ಬೇಡ. ಹೊಸ್ತಿಲು ದಾಟುವುದು ಸೊಸೆ. ‘ಬೂಸ್ಟ್ ಶುರುವಾಗುವ ಆರ್‌ಪಿಎಂ’ ಎಂದು ಬಿಡಿಸಿ ಬರೆಯಿರಿ. ಎಲ್ಲದಕ್ಕೂ ಒಂದೇ ಪದ ಬೇಕು ಎನ್ನುವುದೇ ಒಂದು ರೋಗ.

ಅಚ್ಚಗನ್ನಡ:

ತಡವಾಗಿ ಬಂದೆ. ಓದಿ ಬೇಸರವಾಯಿತು. ಬೂಸ್ಟ್ ಒತ್ತಡ, ಬುಸ್ ವಾಲ್ವ್, ಟರ್ಬೋ ಚಕ್ರ. ಇವೆಲ್ಲ ಅರಿಸಮಾಸಕ್ಕಿಂತ ಕಡೆ. ಸಂಸ್ಕೃತ-ಕನ್ನಡ ಬೆರೆಸಿದರೇ ಹಿಂದಿನವರು ಒಪ್ಪುತ್ತಿರಲಿಲ್ಲ, ನೀವು ಇಂಗ್ಲಿಷನ್ನೇ ತಂದು ಹೊಲಿಯುತ್ತಿದ್ದೀರಿ. ಬೂಸ್ಟಿಗೆ ‘ಮೇಲೊತ್ತು’. ಒತ್ತಿದ ಗಾಳಿಯನ್ನು ತಣಿಸುವ ಇಂಟರ್‌ಕೂಲರಿಗೆ ‘ನಡುತಣಿಪು’. ಟರ್ಬೋಗೆ ನಮ್ಮಲ್ಲೇ ಪದ ಇದೆ: ‘ತಿದಿ’. ಕುಲುಮೆಯ ಬೆಂಕಿಗೆ ಗಾಳಿ ಒತ್ತಿ ತುಂಬುವುದು ತಿದಿ. ಎಂಜಿನ್ನಿನ ಬೆಂಕಿಗೆ ಗಾಳಿ ಒತ್ತಿ ತುಂಬುವುದೂ ತಿದಿಯೇ. ‘ಹೊಗೆತಿದಿ’ ಎಂದರೆ ಮುಗಿಯಿತು. ಮನಸ್ಸಿಲ್ಲ ಅಷ್ಟೇ.

ಪಾನಾ ಹಿಡಿದವ:

ತಿದಿ ಕೇಳಿ ನಿಜವಾಗಿ ಖುಷಿಯಾಯಿತು. ಟರ್ಬೋ ಏನು ಮಾಡುತ್ತದೆ ಎಂದು ಯಾರಾದರೂ ಕೇಳಿದರೆ ಇನ್ನು ಮೇಲೆ ತಿದಿಯಿಂದಲೇ ಶುರು ಮಾಡುತ್ತೇನೆ. ಆದರೆ ‘ಹೊಗೆತಿದಿ’ ಅಂದರೆ ಹೊಗೆ ಊದುವ ತಿದಿ ಅಂತ ಆಗುತ್ತದೆ. ಇದು ಊದುವುದು ಗಾಳಿ. ಹೊಗೆ ಬರೀ ಕೂಲಿ.

‘ಮೇಲೊತ್ತು’ ಬೇಡವೇ ಬೇಡ. “ಮೇಲೊತ್ತು 1 ಬಾರ್” ಎಂದು ಓದಿ ಯಾರಾದರೂ ಯಾವುದನ್ನಾದರೂ ಮೇಲಿಂದ ಒತ್ತಿದರೆ? ಅದು ಒಂದು ಅಪ್ಪಣೆಯ ಹಾಗೂ ಕೇಳುತ್ತದೆ. ಹೊರಗಿನ ಗಾಳಿಯ ಒತ್ತಡಕ್ಕಿಂತ ಎಷ್ಟು ಹೆಚ್ಚು ಎನ್ನುವುದೇ ಬೂಸ್ಟ್. 1 ಬಾರ್ ಎಂದರೆ ಸುಮಾರು 14.5 ಪಿಎಸ್ಐ. ಮೀಟರಿನ ಮೇಲೆ ‘ಬೂಸ್ಟ್’ ಅಂತಲೇ ಇರುತ್ತದೆ. ಪುಸ್ತಕ ಒಂದು ಹೇಳಿ ಮೀಟರ್ ಇನ್ನೊಂದು ಹೇಳಿದರೆ ಎಂಜಿನ್ ಹೋಗುತ್ತದೆ. ಕೋಷ್ಟಕ ಮುಟ್ಟದೆ ಬೂಸ್ಟ್ ಏರಿಸಿದರೆ ಸಿಲಿಂಡರಿನೊಳಗೆ ಕಿಡಿಯ ಉರಿ ಮುಟ್ಟುವ ಮೊದಲೇ ಉಳಿದ ಮಿಶ್ರಣ ತಾನಾಗಿ ಹೊತ್ತಿಕೊಂಡು ಟಕಟಕ ಬಡಿಯುತ್ತದೆ. ಆ ಬಡಿತಕ್ಕೆ ಪಿಸ್ಟನ್ ಒಡೆಯುವುದೂ ಉಂಟು. ಆಗ ಅರಿಸಮಾಸ ಕೈ ಹಿಡಿಯುವುದಿಲ್ಲ.

ಅಚ್ಚಗನ್ನಡ:

ಅಂದರೆ ಎಂಜಿನ್ ಉಳಿಯಲಿ, ಕನ್ನಡ ಹೋಗಲಿ?

ಹಳೇ ಓಲೆ:

ಅದೇ ಹಳೇ ಪಲ್ಲವಿ. ಚಾವಿ ಪೋರ್ಚುಗೀಸರದು. ಮೇಸ್ತ್ರಿಯೂ ಅವರದೇ. ರೈಲುಹಳಿ ಎನ್ನುವಾಗ ಯಾರಿಗೂ ಅರಿಸಮಾಸ ನೆನಪಾಗುವುದಿಲ್ಲ. ಪಾನಾ ಅವರ ಕೈಯಲ್ಲಿರುವ ಪಾನಾ ಮರಾಠಿ ಮೆಕ್ಯಾನಿಕ್ ಕೈಯಲ್ಲೂ ಪಾನಾನೇ. ಕನ್ನಡ ಹೋಯಿತೇ? ಹೊರಗಿನ ನಾಮಪದ ಎಷ್ಟು ಬಂದರೂ ತಡೆದುಕೊಳ್ಳುತ್ತದೆ. ನನ್ನ ಚಿಂತೆ ಕ್ರಿಯಾಪದದ್ದು. “ಬೂಸ್ಟ್ ಇನ್‌ಕ್ರೀಸ್ ಆಗುತ್ತೆ, ಆಯಿಲ್ ಚೇಂಜ್ ಮಾಡಿ, ಬೋಲ್ಟ್ ಟೈಟ್ ಮಾಡಿ.” ಏರುತ್ತದೆ, ಬದಲಿಸಿ, ಬಿಗಿ ಮಾಡಿ ಎನ್ನಲು ಏನು ಕಷ್ಟ? ಜಗಳ ಆಡುವುದಿದ್ದರೆ ಅಲ್ಲಿ ಆಡಿ.

ಬೇರು:

ಆಯಿಲ್ ಎಂದಿರಲ್ಲ, ಅದಕ್ಕೆ ಹೇಳುತ್ತೇನೆ. ‘ಎಣ್ಣೆ’ ಬಂದದ್ದು ಎಳ್ಳಿನಿಂದ: ಎಳ್ + ನೆಯ್. ಎಂಜಿನ್ನಿಗೆ ಎಣ್ಣೆ ಅನ್ನುವುದು ತಪ್ಪು.

ಹಳೇ ಓಲೆ:

ಇಂಗ್ಲಿಷಿನ ಆಯಿಲ್ ಬಂದದ್ದು ಆಲಿವ್ ಹಣ್ಣಿನಿಂದ. ಹಾಗಾದರೆ ಅದೂ ತಪ್ಪು. ಎಂಜಿನ್ನಿಗೆ ಏನೂ ಹಾಕಬೇಡಿ.

ಪಾನಾ ಹಿಡಿದವ:

ತಪ್ಪೋ ಸರಿಯೋ, ಸ್ಟಿಕ್ಕರಿನಲ್ಲಿ ‘ಎಣ್ಣೆ’ ಬೇಡ. “ಹೊಸ ಎಣ್ಣೆ ಹಾಕಿದ ಮೇಲೆ ಸ್ವಲ್ಪ ದೂರ ಓಡಿಸಿ ನೋಡಿ” ಎಂದು ಅಂಟಿಸಿಕೊಂಡ ಕಾರನ್ನು ಪೊಲೀಸರು ಬಿಡುವುದಿಲ್ಲ.

ಕೋಕಿಂಗ್ ವಿಷಯ. ಟರ್ಬೋದ ದಂಡ ನಿಮಿಷಕ್ಕೆ ಒಂದು ಲಕ್ಷ ಸುತ್ತಿಗೂ ಮೇಲೆ ತಿರುಗುತ್ತದೆ. ಬೇರಿಂಗಿಗೆ ಆಯಿಲ್ ಹರಿಯುತ್ತಲೇ ಇರಬೇಕು. ಜೋರಾಗಿ ಓಡಿಸಿ ಬಂದು ತಟ್ಟನೆ ಎಂಜಿನ್ ಬಂದ್ ಮಾಡಿದರೆ ಆಯಿಲ್ ಹರಿವು ನಿಲ್ಲುತ್ತದೆ, ಬಿಸಿ ಮಾತ್ರ ಅಲ್ಲೇ ಇರುತ್ತದೆ. ಒಳಗೆ ಉಳಿದ ಆಯಿಲ್ ಸೀದು ಕರಿ ಕಟ್ಟುತ್ತದೆ, ಸಣ್ಣ ದಾರಿಗಳು ಮುಚ್ಚುತ್ತವೆ. ಈಗಿನ ಹಲವು ಟರ್ಬೋಗಳಿಗೆ ಕೂಲಂಟ್ ಕೂಡ ಹರಿಯುವುದರಿಂದ ತೊಂದರೆ ಕಡಿಮೆ, ಪೂರ್ತಿ ಹೋಗಿಲ್ಲ. ‘ಸೀದು ಕರಿಗಟ್ಟುವುದು’ ಅನ್ನಿ, ಅಡುಗೆ ಮಾಡಿದ ಯಾರಿಗಾದರೂ ಅರ್ಥವಾಗುತ್ತದೆ. ನಾನು ಒಮ್ಮೆ ಹಳೇ ಟರ್ಬೋ ಬಿಚ್ಚಿದಾಗ ಆಯಿಲ್ ದಾರಿಯೊಳಗೆ ಇದ್ದಿಲಿನಂಥ ಗಟ್ಟಿ. ತಂತಿ ಹಾಕಿ ಕೆರೆದರೂ ಬರಲಿಲ್ಲ.

ಕೇಳಿದವಳು:

ಎಲ್ಲರಿಗೂ ಋಣಿ. ಅಂತಿಮ ಹೀಗಿದೆ: ವೇಸ್ಟ್‌ಗೇಟ್ (ಹೊಗೆಯ ತೂಬು), ಬ್ಲೋ ಆಫ್ ವಾಲ್ವ್ (ಬುಸ್ ವಾಲ್ವ್), ತಡ, ಬೂಸ್ಟ್ ಶುರುವಾಗುವ ಆರ್‌ಪಿಎಂ, ಸೀದು ಕರಿಗಟ್ಟು. ಟರ್ಬೋ ಎಂದರೇನು ಎನ್ನುವ ಮೊದಲ ಪುಟವನ್ನು ತಿದಿಯಿಂದ ಶುರು ಮಾಡಿದ್ದೇನೆ. ಅಚ್ಚಗನ್ನಡ ಅವರು ಇಷ್ಟಕ್ಕಾದರೂ ಸಮಾಧಾನ ಮಾಡಿಕೊಳ್ಳಬೇಕು.

ಸ್ಟಿಕ್ಕರ್:

“ಜೋರಾಗಿ ಓಡಿಸಿದ ಮೇಲೆ, ಎಂಜಿನ್ ಆರಿಸುವ ಮೊದಲು ಒಂದೆರಡು ನಿಮಿಷ ಸುಮ್ಮನೆ ಚಾಲೂ ಇಡಿ. ಟರ್ಬೋ ತಣಿಯಲಿ.”

ಹತ್ತು ನಿಮಿಷದಲ್ಲಿ ಕಳಿಸುತ್ತೇನೆ.

ಹಳೇ ಓಲೆ:

ನಿಲ್ಲಿ. ‘ಎಂಜಿನ್ ಆರಿಸುವ ಮೊದಲು.’ ಅಂಗಡಿಯಲ್ಲಿ ಎಂಜಿನ್ ಆರಿಸುತ್ತಿದ್ದಾರಾ?

ಕೇಳಿದವಳು:

‘ನಿಲ್ಲಿಸುವ ಮೊದಲು’?

ಪಾನಾ ಹಿಡಿದವ:

ಗಾಡಿ ನಿಲ್ಲಿಸುವ ಮೊದಲು ಅಂದುಕೊಂಡು ಇನ್ನೆರಡು ನಿಮಿಷ ಓಡಿಸುತ್ತಾರೆ. ಪರವಾಗಿಲ್ಲ, ನಿಧಾನವಾಗಿ ಓಡಿಸಿದರೆ ಟರ್ಬೋಗೆ ಅದೂ ಒಳ್ಳೆಯದೇ. ಆದರೂ ‘ಆಫ್ ಮಾಡುವ ಮೊದಲು’ ಅಂತ ಹಾಕಿ.

ಅಚ್ಚಗನ್ನಡ:

ಆಫ್!

ಹಳೇ ಓಲೆ:

ಹಾಕಿ. ಕ್ರಿಯಾಪದದ ಬಗ್ಗೆ ನಾನು ಹೇಳಿದ್ದನ್ನು ನಾಳೆಯಿಂದ ಪಾಲಿಸಿ.