ಚಾನೆಲ್ ಬದಲಿಸಿದ್ದು ಯಾರು: ನೋಡುವವರೋ, ಓದುವವರೋ?

ಎಲ್ಲರಿಗೂ ನಮಸ್ಕಾರ.

ಮೂರು ಸಾಲಿನ ಸುದ್ದಿಯೊಂದನ್ನು ಬರೆಯಲು ಕುಳಿತು, ಒಂದು ಕ್ರಿಯಾಪದಕ್ಕಾಗಿ ನಾಲ್ಕು ದಿನಗಳಿಂದ ತಡಕಾಡುತ್ತಿದ್ದೇನೆ. ಬೆಳಗಾವಿಯ ಕೇಬಲ್ ಚಾನೆಲ್ ಒಂದರ ಸಂಜೆಯ ಸುದ್ದಿಗೆ ಸ್ಕ್ರಿಪ್ಟ್ ಬರೆಯುವುದು ನನ್ನ ಹೊಟ್ಟೆಪಾಡು. ನಮ್ಮಲ್ಲಿ ಆರು ವರ್ಷ ಸುದ್ದಿ ಓದಿದ ಬೈಲಹೊಂಗಲ ಕಡೆಯ ಹೆಣ್ಣುಮಗಳೊಬ್ಬಳಿಗೆ ಬೆಂಗಳೂರಿನ ಚಾನೆಲ್‌ನಲ್ಲಿ ಕೆಲಸ ಸಿಕ್ಕಿದೆ. ಊರಿನವರಿಗೆ ಹೆಮ್ಮೆ. ಅಲ್ಲಿಯ ವಾರಪತ್ರಿಕೆಯವರು ಒಂದು ಸಣ್ಣ ಸುದ್ದಿ ಬರೆದುಕೊಡಲು ಹೇಳಿದರು. ‘ನಮ್ಮ ಭಾಗದ ವಾರ್ತಾ ವಾಚಕಿ ಚಾನೆಲ್ ಬದಲಿಸಿದ್ದಾರೆ’ ಎಂದು ಶುರು ಮಾಡಿ ಸೋದರಮಾವನಿಗೆ ಓದಿ ತೋರಿಸಿದೆ. ಅವರು ಟೀವಿಯಿಂದ ಕಣ್ಣು ಕೀಳದೆ, ‘ನಾನೂ ಬೆಳಗಿನಿಂದ ನಲವತ್ತು ಸಲ ಬದಲಿಸಿದ್ದೇನೆ, ನನ್ನ ಹೆಸರನ್ನೂ ಹಾಕು’ ಎಂದರು. ರಿಮೋಟ್ ಅವರ ತೊಡೆಯ ಮೇಲಿತ್ತು.

ತಮಾಷೆ ಪಕ್ಕಕ್ಕಿರಲಿ, ಮಾತು ನಿಜ. ‘ಮನೆ ಬದಲಿಸಿದರು’, ‘ಶಾಲೆ ಬದಲಿಸಿದರು’ ಎಂದರೆ ಯಾರೂ ತಪ್ಪು ತಿಳಿಯುವುದಿಲ್ಲ. ವಾಕ್ಯದ ಕಟ್ಟು ಒಂದೇ ಆದರೂ ‘ಚಾನೆಲ್ ಬದಲಿಸು’ ಎಂಬುದು ಮಾತ್ರ ನೋಡುವವರ ಬೆರಳಿಗೆ ಅಂಟಿಕೊಂಡುಬಿಟ್ಟಿದೆ. ಇನ್ನೊಂದು ಕಡೆಯಿಂದ ನೋಡಿದರೆ, ‘ಚಾನೆಲ್ಲನ್ನು ಬದಲಿಸಿದರು’ ಎಂದಾಗ ಆ ಚಾನೆಲ್ಲಿನ ರೀತಿನೀತಿಯನ್ನೇ ತಿದ್ದಿದರು ಎಂದೂ ಆಗುತ್ತದೆ. ಅಷ್ಟು ದೊಡ್ಡ ಆಪಾದನೆಯನ್ನು ಆ ಹುಡುಗಿಯ ತಲೆಗೆ ಕಟ್ಟಲಾರೆ.

ಬೇರೆ ಪದಗಳನ್ನು ಹುಡುಕಿದೆ. ಕನ್ನಡ ಕಲಿಸುವ ಮಾಸ್ತರರೊಬ್ಬರು ಪಕ್ಷಾಂತರದ ಜಾಡಿನಲ್ಲಿ ‘ವಾಹಿನ್ಯಂತರ’ ಎಂದು ಮಾಡಿಕೊಟ್ಟರು. ಯಣ್ ಸಂಧಿ ಸರಿಯಾಗಿಯೇ ಇದೆ, ಆದರೆ ಕ್ಯಾಮೆರಾದ ಮುಂದೆ ಇದನ್ನು ಎರಡು ಸಲ ತಡವರಿಸದೆ ಹೇಳಿದವರಿಗೆ ಸವದತ್ತಿ ಯಲ್ಲಮ್ಮನೇ ಪ್ರಸನ್ನಳಾದಾಳು. ಅದಕ್ಕಿಂತ ದೊಡ್ಡ ತೊಡಕು ಅರ್ಥದ್ದು. ಸ್ಥಳಾಂತರ, ಭಾಷಾಂತರಗಳಿಗೆ ಕಳಂಕವಿಲ್ಲ, ನಿಜ. ಆದರೆ ಮನುಷ್ಯರು ಒಂದು ಕಡೆ ಬಿಟ್ಟು ಇನ್ನೊಂದು ಕಡೆ ಹೋಗುವಾಗ ‘ಅಂತರ’ ಬಂತೆಂದರೆ ಪಕ್ಷಾಂತರದ ನೆರಳು ಬಿದ್ದೇ ಬೀಳುತ್ತದೆ. ಅದನ್ನು ತಡೆಯಲು 1985ರಲ್ಲಿ ಸಂವಿಧಾನವನ್ನೇ ತಿದ್ದಬೇಕಾಯಿತು. ಸಾಲದ್ದಕ್ಕೆ ‘ವಾಹಿನಿ’ಗೆ ಸಂಸ್ಕೃತದಲ್ಲಿ ನದಿ ಎಂಬ ಅರ್ಥದ ಜೊತೆಗೆ ಸೇನೆ ಎಂಬ ಅರ್ಥವೂ ಇದೆ. ಲೆಕ್ಕವೂ ಇದೆ: 81 ಆನೆ, 81 ರಥ, 243 ಕುದುರೆ, 405 ಕಾಲಾಳು. ಅದನ್ನು ಬಿಟ್ಟು ಹೋದವರೆಂದರೆ ರಣರಂಗದಿಂದ ಓಡಿದವರೆಂದಾಯಿತು.

‘ವರ್ಗವಾಯಿತು’ ಎನ್ನೋಣವೆಂದರೆ ಅದು ಸರಕಾರಿ ನೌಕರರ ಮಾತು. ಮೇಲಿನವರು ಆದೇಶ ಹೊರಡಿಸಬೇಕು, ಇವರು ಗಂಟುಮೂಟೆ ಕಟ್ಟಬೇಕು. ‘ಗುಳೆ’ ವಿಜಯಪುರ, ಬಾಗಲಕೋಟೆ ಕಡೆಯವರಿಗೆ ನಗುವ ಮಾತಲ್ಲ. ಗೋವಾಕ್ಕೋ ಮುಂಬೈಗೋ ಹಿಟ್ಟಿನ ಗಂಟು ಹೊತ್ತು ಹೋದವರ ಪದವನ್ನು ಎಸಿ ಸ್ಟುಡಿಯೋಗೆ ಹೋದವರಿಗೆ ತೊಡಿಸುವುದು ಸರಿಯಲ್ಲ. ನಮ್ಮ ಆಫೀಸಿನ ಹುಡುಗರು ‘ಜಂಪ್ ಆದರು’ ಎನ್ನುತ್ತಾರೆ. ಬೇಲಿ ಹಾರಿದ ಹಾಗೆ ಕೇಳಿಸುತ್ತದೆ.

ವರದಿಗಾರರ ನಡುವೆ ಮಾತ್ರ ಒಂದು ಒಳ್ಳೆಯ ಮಾತಿದೆ. ಅವರು ‘ಲೋಗೋ ಬದಲಾಯಿತು’ ಎನ್ನುತ್ತಾರೆ. ಮೈಕಿನ ಕೊರಳಿಗೆ ತೊಡಿಸುವ, ನಾಲ್ಕು ಕಡೆಗೂ ಚಾನೆಲ್ಲಿನ ಗುರುತಿರುವ ಆ ಡಬ್ಬಿಯೇ ಲೋಗೋ. ಚಳಿಗಾಲದ ಅಧಿವೇಶನದಲ್ಲಿ ಸುವರ್ಣ ವಿಧಾನಸೌಧದ ಮುಂದೆ ನಿಂತು ನೋಡಿ: ಮಂತ್ರಿಯ ಗದ್ದದ ಕೆಳಗೆ ಹದಿನೈದು ಲೋಗೋಗಳು ಒಂದನ್ನೊಂದು ತಳ್ಳುತ್ತಿರುತ್ತವೆ. ಹೋದ ವರ್ಷ ಕೆಂಪು ಲೋಗೋ ಹಿಡಿದಿದ್ದ ಕೈ ಈ ವರ್ಷ ನೀಲಿ ಲೋಗೋ ಹಿಡಿದಿರುತ್ತದೆ. ಕೈ ಅದೇ, ಬೆರಳಿನ ಉಂಗುರವೂ ಅದೇ. ತಾಲ್ಲೂಕಿನ ಸ್ಟ್ರಿಂಗರ್‌ಗಳ, ಅಂದರೆ ಸುದ್ದಿಗಿಷ್ಟು ಎಂದು ಹಣ ಪಡೆಯುವ ವರದಿಗಾರರ ಬ್ಯಾಗಿನಲ್ಲಿ ಒಮ್ಮೊಮ್ಮೆ ಎರಡು ಲೋಗೋ ಇರುತ್ತವೆ, ಅವರು ಎಲ್ಲಿಗೂ ಹೋಗದೆಯೇ ದಿನಕ್ಕೆರಡು ಸಲ ಬದಲಾಗುತ್ತಾರೆ. ಮಾತು ಚೆನ್ನಾಗಿದೆ, ಆದರೆ ಸ್ಟುಡಿಯೋದಲ್ಲಿ ಕುಳಿತು ಓದುವವರ ಕೈಯಲ್ಲಿ ಲೋಗೋ ಇರುವುದಿಲ್ಲವಲ್ಲ.

ಯೋಚಿಸುತ್ತಾ ಹೋದಂತೆ ತೊಡಕು ಕ್ರಿಯಾಪದದ್ದಲ್ಲ, ಕರ್ತೃಪದದ್ದು ಎನಿಸತೊಡಗಿತು. ರೇಡಿಯೊ ಕಾಲದಲ್ಲಿ ಇಂಥ ಪದದ ಅಗತ್ಯವೇ ಬೀಳಲಿಲ್ಲ. ‘ವಾರ್ತೆಗಳು, ಓದುತ್ತಿರುವವರು’ ಎಂದು ಹೆಸರು ಹೇಳಿ ಶುರು ಮಾಡುತ್ತಿದ್ದರು. ಆ ಮಾತಿನಲ್ಲಿ ಒಂದು ವಿನಯವಿತ್ತು: ಸುದ್ದಿ ನನ್ನದಲ್ಲ, ಯಾರೋ ಬರೆದದ್ದು, ನಾನು ಓದುತ್ತಿದ್ದೇನೆ. ಸಂಸ್ಕೃತದ ‘ಪ್ರವಾಚಕಃ’ ಎಂಬುದೂ ಅದೇ ಧಾಟಿಯದು. ದೆಹಲಿಯಿಂದ 1974ರ ಜೂನ್ 30ಕ್ಕೆ ಶುರುವಾದ ರೇಡಿಯೊದ ಸಂಸ್ಕೃತ ವಾರ್ತೆಯಿಂದಾಗಿ, ಒಂದಕ್ಷರ ಸಂಸ್ಕೃತ ಕಲಿಯದ ನಮ್ಮಜ್ಜಿಗೂ ಅದನ್ನು ಓದುತ್ತಿದ್ದ ಬಲದೇವಾನಂದ ಸಾಗರರ ಹೆಸರು ಬಾಯಿಪಾಠವಾಗಿತ್ತು. ಬೆಳಗಾವಿಯಲ್ಲಿ ಬೆಳೆದವರಿಗೆ ಮೂರನೆಯ ದನಿಯೂ ಗೊತ್ತು. ಮುಳ್ಳನ್ನು ಕೊಂಚ ಅತ್ತ ತಿರುಗಿಸಿದರೆ ಮರಾಠಿ ಬರುತ್ತಿತ್ತು. ಅಲ್ಲಿ ಓದುತ್ತಿರಲಿಲ್ಲ, ಕೊಡುತ್ತಿದ್ದರು: ‘ಬಾತಮ್ಯಾ ದೇತ ಆಹೇ’, ಅಂದರೆ ಸುದ್ದಿ ಕೊಡುತ್ತಿದ್ದಾರೆ. ನಮ್ಮವರು ಓದುವುದನ್ನು ನೆರೆಮನೆಯವರು ಕೊಡುವುದು ನನಗೆ ಚಿಕ್ಕಂದಿನಿಂದಲೂ ಸೋಜಿಗ. ಆ ಬಾತಮಿಯೇ ನಮ್ಮಲ್ಲಿ ‘ಬಾತ್ಮಿ’ಯಾಯಿತು. ವರದಿಗಾರರನ್ನು ಈ ಭಾಗದ ಹಿರಿಯರು ‘ಬಾತ್ಮೀದಾರ’ ಎಂದೇ ಕರೆಯುತ್ತಿದ್ದರು. ನಾನು ಈಗಲೂ ಹಾಗೆ ಬರೆಯುತ್ತೇನೆ, ಡೆಸ್ಕಿನವರು ಅಳಿಸುತ್ತಾರೆ.

ಓದುವವರು ‘ನಿರೂಪಕ’ರಾದದ್ದು ಟೀವಿಯಲ್ಲಿ. ಇದರಲ್ಲಿ ಪ್ರಾಂಪ್ಟರ್‌ನ ಪಾತ್ರ ದೊಡ್ಡದು ಎಂಬುದು ನನ್ನ ಅನಿಸಿಕೆ. ಕ್ಯಾಮೆರಾದ ಕಣ್ಣಿನ ಮುಂದಿನ ಗಾಜಿನ ಮೇಲೆ ಅಕ್ಷರ ಸರಿಯುತ್ತಿರುತ್ತದೆ. ನೋಡುವವರಿಗೆ ಅದು ಕಾಣದು, ಮಾತೆಲ್ಲ ಅವರದೇ ಎನಿಸುತ್ತದೆ. ಓದು ಮರೆಯಾದ ಮೇಲೆ ‘ಓದುತ್ತಿರುವವರು’ ಎನ್ನಲು ನಾಲಿಗೆ ಏಳದು. ಗಮಕದಲ್ಲಿ ವಾಚನ ಒಬ್ಬರದು, ವ್ಯಾಖ್ಯಾನ ಇನ್ನೊಬ್ಬರದು. ಶ್ರಾವಣದಲ್ಲಿ ನಮ್ಮ ಊರುಗಳ ಪುರಾಣಕ್ಕೂ ಓದುವವರು ಬೇರೆ, ಅರ್ಥ ಹೇಳುವವರು ಬೇರೆ. ಟೀವಿಯ ನಿರೂಪಕರು ಎರಡನ್ನೂ ಒಬ್ಬರೇ ಹಿಡಿದರು. ಪದವೂ ಸುಮ್ಮನೆ ಬಂದದ್ದಲ್ಲ. ಹಳೆಯ ಕಡತಗಳಲ್ಲಿ ‘ನಿರೂಪ’ ಎಂದರೆ ಅರಮನೆಯ ಅಪ್ಪಣೆ. ರಾತ್ರಿ ಒಂಬತ್ತರ ಚರ್ಚೆಗಳನ್ನು ಕೇಳಿದಾಗ ಆ ಹಳೆಯ ಅರ್ಥವಿನ್ನೂ ಸತ್ತಿಲ್ಲ ಎನಿಸುತ್ತದೆ. ಬೆಳಗಾವಿಯ ಸಭೆ ಸಮಾರಂಭಗಳಲ್ಲಿ ಮಾತ್ರ ನಿರೂಪಕ ಬಡಪಾಯಿ, ಪತ್ರಿಕೆಯ ವರದಿಯ ಕೊನೆಯಲ್ಲಿ ‘ನಿರೂಪಿಸಿದರು, ವಂದಿಸಿದರು’ ಎಂದು ಎರಡು ಪದಗಳಲ್ಲಿ ಮುಗಿದುಹೋಗುತ್ತಾನೆ.

ನಮ್ಮಲ್ಲಿ ಸುದ್ದಿ ತಯಾರಾಗುವ ಬಗೆ ಹೇಳಿದರೆ ಈ ‘ಓದು’ ಎಷ್ಟು ಜನರದು ಎಂದು ತಿಳಿದೀತು. ಖಾನಾಪುರ, ಗೋಕಾಕ, ಅಥಣಿಯಿಂದ ದೃಶ್ಯ ಬರುತ್ತದೆ. ಈಗ ವಾಟ್ಸ್‌ಆ್ಯಪ್, ಮೊದಲು ಕ್ಯಾಸೆಟ್ಟನ್ನು ಬಸ್ಸಿನ ಕಂಡಕ್ಟರ್ ಕೈಗಿತ್ತು ಫೋನ್ ಮಾಡುತ್ತಿದ್ದರು, ನಾವು ನಿಲ್ದಾಣದಲ್ಲಿ ಬಸ್ಸಿನ ಬೋರ್ಡು ಓದುತ್ತಾ ಕಾಯುತ್ತಿದ್ದೆವು. ವಿವರವನ್ನು ಬಾತ್ಮೀದಾರರು ಹೇಳುತ್ತಾರೆ, ನಾನು ಬರೆಯುತ್ತೇನೆ. ಮೊದಲ ನಾಲ್ಕು ಸಾಲು ‘ಲೀಡ್’, ಅದನ್ನು ಮುಖ ತೋರಿಸಿ ಓದಬೇಕು. ಉಳಿದದ್ದು ‘ವಿಓ’, ಕಪಾಟಿನಷ್ಟೇ ಅಗಲದ ಕೋಣೆಯಲ್ಲಿ ಕುಳಿತು ದನಿ ಕೊಡಬೇಕು. ನಡುವೆ ‘ಬೈಟ್’, ಅಂದರೆ ಸಂಬಂಧಪಟ್ಟವರ ಮಾತಿನ ತುಣುಕು. ಐದಕ್ಕೆ ಧ್ವನಿಮುದ್ರಣ, ಏಳಕ್ಕೆ ಪ್ರಸಾರ.

ಒಂದು ಸಂಜೆ ನಾನು ಹಳೆಯ ಫಾಂಟ್‌ನಲ್ಲಿ ಟೈಪಿಸಿದ್ದನ್ನು ಹಾಗೆಯೇ ಪ್ರಾಂಪ್ಟರ್‌ಗೆ ಏರಿಸಿಬಿಟ್ಟೆ. ಗಾಜಿನ ಮೇಲೆ ಕನ್ನಡದ ಬದಲು ಇಂಗ್ಲಿಷ್ ಅಕ್ಷರ, ಅಡ್ಡಗೆರೆ, ಪೌಂಡಿನ ಚಿಹ್ನೆಗಳ ಮೆರವಣಿಗೆ ಹೊರಟಿತು. ಆ ಹುಡುಗಿ ಗಾಬರಿಯಾಗಲಿಲ್ಲ. ಮೇಜಿನ ಮೇಲಿದ್ದ ಹಾಳೆಯನ್ನು ಎತ್ತಿಕೊಂಡು, ತಲೆ ತಗ್ಗಿಸಿ, ಹದಿನಾಲ್ಕು ನಿಮಿಷ ಓದಿದಳು. ಅವಳ ತಲೆಯ ಬೈತಲೆಯೇ ಊರಿಗೆಲ್ಲ ಕಂಡಿತು. ನನ್ನ ಪ್ರಕಾರ ಅವತ್ತು ಅವಳು ಅಪ್ಪಟ ವಾರ್ತಾ ವಾಚಕಿಯಾಗಿದ್ದಳು. ಹಾಗಾಗಿ ಸುದ್ದಿಯಲ್ಲಿ ‘ನಿರೂಪಕಿ’ ಎಂದು ಬರೆಯಲು ಮನಸ್ಸಿಲ್ಲ. ಬೆಂಗಳೂರಿನವರು ಕೊಟ್ಟ ಪತ್ರದಲ್ಲಿ ‘ಆ್ಯಂಕರ್’ ಎಂದಿದೆಯಂತೆ.

ಇನ್ನೊಂದು ಪದವೂ ಕಾಡುತ್ತಿದೆ, ಅದನ್ನು ಚುಟುಕಾಗಿ ಕೇಳಿಬಿಡುತ್ತೇನೆ. ಆಕಾಶವಾಣಿಯದು ‘ಪ್ರದೇಶ ಸಮಾಚಾರ’. ‘ಪ್ರಾದೇಶಿಕ’ ಎನ್ನದೆ ‘ಪ್ರದೇಶ’ ಎಂದೇ ಏಕೆ ಇಟ್ಟರು? ಮರಾಠಿಯವರು ‘ಪ್ರಾದೇಶಿಕ ಬಾತಮ್ಯಾ’ ಎನ್ನುತ್ತಾರೆ. ಅಲ್ಲದೆ ಪ್ರದೇಶ ಎಷ್ಟು ಅಗಲದ್ದು ಎಂಬುದು ಕುಳಿತ ಜಾಗದ ಮೇಲೆ ಹೋಗುತ್ತದೆ. ದೆಹಲಿಗೆ ಇಡೀ ಕರ್ನಾಟಕ ಒಂದು ಪ್ರದೇಶ, ಬೆಂಗಳೂರಿಗೆ ಬೆಳಗಾವಿ ಪ್ರದೇಶ, ನಮಗೆ ಖಾನಾಪುರದ ಕಾಡಂಚು. 2000ದಲ್ಲಿ ಶುರುವಾದ ಈಟಿವಿ ಕನ್ನಡದ ಸುದ್ದಿ ತಯಾರಾಗುತ್ತಿದ್ದದ್ದು ಹೈದರಾಬಾದಿನ ರಾಮೋಜಿ ಫಿಲ್ಮ್ ಸಿಟಿಯಲ್ಲಿ. ಬೆಳಗಾವಿಯ ಪ್ರಾದೇಶಿಕ ಸುದ್ದಿ ಇನ್ನೊಂದು ರಾಜ್ಯಕ್ಕೆ ಹೋಗಿ, ಅಲ್ಲಿಂದ ಆಕಾಶಕ್ಕೇರಿ, ತಿರುಗಿ ನಮ್ಮ ಮನೆಗೆ ಇಳಿಯುತ್ತಿತ್ತು.

ಮತ್ತೆ ಕ್ರಿಯಾಪದಕ್ಕೆ ಬರುತ್ತೇನೆ. ಇಷ್ಟೆಲ್ಲ ಸುತ್ತಾಡಿದ ಮೇಲೆ ನೆನಪಾದದ್ದು ನಾಟಕ ಕಂಪನಿಗಳ ಮಾತು. ಅಲ್ಲಿ ನಟರು ಹೋಗುವುದು ಬರುವುದು ಇದ್ದದ್ದೇ. ‘ಕಂಪನಿ ಬಿಟ್ಟರು’, ‘ಕಂಪನಿ ಸೇರಿದರು’, ಕೊನೆಗೊಮ್ಮೆ ‘ಕಂಪನಿ ಕಟ್ಟಿದರು’. ಮೂರೂ ಅಚ್ಚುಕಟ್ಟು, ಯಾವುದರಲ್ಲೂ ನಿಂದೆಯ ಸೋಂಕಿಲ್ಲ. ಸವದತ್ತಿ ತಾಲ್ಲೂಕಿನ ಏಣಗಿಯ ಬಾಳಪ್ಪನವರು ಹಲವು ಕಂಪನಿಗಳಲ್ಲಿ ಪಾತ್ರ ಮಾಡಿ, ಆಮೇಲೆ ಕಲಾವೈಭವ ನಾಟ್ಯ ಸಂಘವನ್ನು ಕಟ್ಟಿದವರು. ಕಂಪನಿ ಯಾವುದಾದರೂ ಜನ ‘ಬಾಳಪ್ಪನ ನಾಟಕ’ಕ್ಕೆ ಹೋಗುತ್ತಿದ್ದರು. ಟೀವಿಯಲ್ಲಿ ನಡೆದದ್ದೂ ಇದೇ ಅಲ್ಲವೇ? ಎಚ್.ಆರ್. ರಂಗನಾಥ್ ಕನ್ನಡಪ್ರಭದಲ್ಲಿ, ಸುವರ್ಣ ನ್ಯೂಸ್‌ನಲ್ಲಿ ಇದ್ದು 2012ರಲ್ಲಿ ಪಬ್ಲಿಕ್ ಟಿವಿ ಕಟ್ಟಿದರು. ಅದಕ್ಕೆ ‘ಕಟ್ಟಿದರು’ ಎನ್ನಲು ಯಾರಿಗೂ ಅಳುಕಿಲ್ಲ. ಹಾಗಿದ್ದ ಮೇಲೆ ‘ಚಾನೆಲ್ ಬಿಟ್ಟರು, ಚಾನೆಲ್ ಸೇರಿದರು’ ಎಂದರೆ ಸಾಕಲ್ಲ ಎನ್ನುವಿರಿ. ಸಾಕು, ಆದರೆ ಎರಡು ಕ್ರಿಯಾಪದ ಬೇಕಾಗುತ್ತದೆ, ಶೀರ್ಷಿಕೆಗೆ ಇರುವುದು ಒಂದೇ ಅಂಕಣ. ಬಿಡುವುದನ್ನೂ ಸೇರುವುದನ್ನೂ ಒಟ್ಟಿಗೆ ಹೇಳುವ ಒಂದೇ ಮಾತು ಕಂಪನಿಯವರ ಬಾಯಲ್ಲಿ ಇತ್ತೇ?

ಮನೆಯಲ್ಲಿ ಅಂಥದೊಂದು ಮಾತು ಸಿಕ್ಕಿತು, ಆದರೆ ಅಚ್ಚು ಹಾಕುವಂತಿಲ್ಲ. ಆ ಹುಡುಗಿ ಪರದೆಯಿಂದ ಮಾಯವಾದ ವಾರ ನಮ್ಮ ಚಿಗವ್ವ, ‘ಆಕೆಯನ್ನು ಎಲ್ಲಿಗೆ ಕೊಟ್ಟರು?’ ಎಂದು ಕೇಳಿದಳು. ಬೆಂಗಳೂರಿಗೆ ಎಂದೆ. ‘ಇಷ್ಟು ದೂರವೇ? ಮನೆತನ ಹೇಗಿದೆ?’ ಎಂದಳು. ದೊಡ್ಡ ಮನೆತನ, ಆದರೆ ಆರು ತಿಂಗಳಿಗೊಮ್ಮೆ ಯಜಮಾನರು ಬದಲಾಗುತ್ತಾರೆ ಎಂದೆ. ಚಿಗವ್ವ ನನ್ನನ್ನೇ ದುರುಗುಟ್ಟಿ ನೋಡಿದಳು.

ಬನಶಂಕರಿ ಜಾತ್ರೆಯಲ್ಲಿ ತಿಂಗಳಿಡೀ ನಡೆಯುವ ನಾಟಕಗಳನ್ನು ಹತ್ತಿರದಿಂದ ಕಂಡ ಬಾದಾಮಿ, ಗುಳೇದಗುಡ್ಡ, ಇಳಕಲ್ ಕಡೆಯವರು ಈ ಬಳಗದಲ್ಲಿ ಇದ್ದೀರಿ. ಮನೆಯ ಹಿರಿಯರನ್ನು, ಸಾಧ್ಯವಾದರೆ ಕಂಪನಿಯಲ್ಲಿದ್ದವರನ್ನೇ ಕೇಳಿ ತಿಳಿಸಿ. ಹಳೆಯ ಹ್ಯಾಂಡ್‌ಬಿಲ್ಲುಗಳಲ್ಲಿ ‘ಇಂಥ ಕಂಪನಿಯಿಂದ ಬಂದ’ ಎಂದು ನಟಿಯರನ್ನು ಪರಿಚಯಿಸುವಾಗ ಏನೆಂದು ಬರೆಯುತ್ತಿದ್ದರು ಎಂಬುದು ಸಿಕ್ಕರೂ ಆದೀತು. ಪತ್ರಿಕೆ ಶುಕ್ರವಾರ ಅಚ್ಚಿಗೆ ಹೋಗುತ್ತದೆ. ಗುರುವಾರ ಸಂಜೆ ಐದರೊಳಗೆ ಉತ್ತರ ಬಂದರೆ ಉಪಕಾರ. ಐದರ ಮೇಲೆ ನಾನು ಸ್ಟುಡಿಯೋದಲ್ಲಿ ಹೊಸ ಹುಡುಗನಿಗೆ ‘ಲೀಡ್’ ಓದಿಸುತ್ತಿರುತ್ತೇನೆ.